ಲೇಸರ್ ಯಂತ್ರಕ್ಕೆ ನಕ್ಷೆ ಬರೆಯುವ ಕಲಿಕೆ: ಕೊಡಗಿನ ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ಲೈವುಡ್, ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ), ಅಕ್ರಿಲಿಕ್ ಹಾಳೆಗಳನ್ನು ಲೇಸರ್ ಕಿರಣದಿಂದ ಕತ್ತರಿಸಿಕೊಡುವ ಅಂಗಡಿಗಳು ಮೈಸೂರಿನಂಥ ನಗರಗಳಲ್ಲಿ ಈಗ ಸುಲಭವಾಗಿ ಸಿಗುತ್ತವೆ. ಆದರೆ ಕತ್ತರಿಸಬೇಕಾದ ಆಕಾರದ ನಕ್ಷೆಯನ್ನು ಗ್ರಾಹಕರೇ ಕಂಪ್ಯೂಟರಿನಲ್ಲಿ ಸಿದ್ಧಪಡಿಸಿ ತರಬೇಕೆಂದು ಹೆಚ್ಚಿನವರು ಕೇಳುತ್ತಾರೆ. ಆ ನಕ್ಷೆ ಬರೆಯುವುದನ್ನು ಕಲಿಯುವುದು ಹೇಗೆಂದು ಕೊಡಗಿನ ಕೆಲವು ಓದುಗರು ಕೇಳಿದ್ದು, ಅವರ ಪ್ರಶ್ನೆಗಳನ್ನು ಈ ಬಾರಿ ಒಟ್ಟಿಗೆ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ನಾನು ಹಲವು ವರ್ಷಗಳಿಂದ ಬಡಗಿ ಕೆಲಸ ಮಾಡುತ್ತಿದ್ದೇನೆ. ಕಾಫಿ ಪುಡಿ, ಏಲಕ್ಕಿ, ಕರಿಮೆಣಸನ್ನು ಉಡುಗೊರೆಯಾಗಿ ಕೊಡುವುದಕ್ಕೆ ಚಿಕ್ಕ ಮರದ ಪೆಟ್ಟಿಗೆಗಳು ಬೇಕೆಂದು ಹೋಂಸ್ಟೇ ನಡೆಸುವವರು ಕೇಳುತ್ತಿದ್ದಾರೆ. ಲೇಸರ್ ಅಂಗಡಿಯವರು ‘ಡ್ರಾಯಿಂಗ್ ಫೈಲ್ ತನ್ನಿ’ ಎನ್ನುತ್ತಾರೆ. ಮನೆಯಲ್ಲಿ ಮಗಳ ಹಳೆಯ ಲ್ಯಾಪ್‌ಟಾಪ್ ಇದೆ. ಯಾವ ಸಾಫ್ಟ್‌ವೇರ್ ಕಲಿಯಲಿ, ಎಲ್ಲಿಂದ ಆರಂಭಿಸಲಿ?
— ಗೋಣಿಕೊಪ್ಪಲಿನ ಓದುಗರು

ಉತ್ತರ: ಈ ಕಲಿಕೆಯ ಕಷ್ಟದ ಅರ್ಧ ನಿಮಗೆ ಈಗಾಗಲೇ ಬರುತ್ತದೆ. ಹಲಗೆಯ ದಪ್ಪ ಎಷ್ಟು, ಎರಡು ತುಂಡುಗಳು ಎಷ್ಟು ಬಿಗಿಯಾಗಿ ಕೂಡಬೇಕು, ಯಾವ ಅಂಚು ಹೊರಗೆ ಕಾಣಬೇಕು ಎಂಬ ತಿಳಿವಳಿಕೆಯನ್ನು ಯಾವ ಸಾಫ್ಟ್‌ವೇರ್ ತರಗತಿಯೂ ಕೊಡುವುದಿಲ್ಲ. ಉಳಿದ ಅರ್ಧ, ಅಂದರೆ ಆ ಅಳತೆಗಳನ್ನು ಕಂಪ್ಯೂಟರಿಗೆ ಹೇಳುವ ಕ್ರಮ, ಅಭ್ಯಾಸದಿಂದ ಬರುವಂಥದ್ದು.

ಪೆಟ್ಟಿಗೆಗಳ ಕೆಲಸಕ್ಕೆ ಫ್ರೀಕ್ಯಾಡ್ ಎಂಬ ತ್ರೀಡಿ ನಕ್ಷೆಯ ಸಾಫ್ಟ್‌ವೇರ್ ಕಲಿಯಿರಿ ಎಂಬುದು ನನ್ನ ಸಲಹೆ. ಇದು ಸಂಪೂರ್ಣ ಉಚಿತ, ಮತ್ತು ಇದರಲ್ಲಿ ರಚಿಸಿದ ವಸ್ತುಗಳನ್ನು ಮಾರುವುದಕ್ಕೂ ಯಾವ ನಿರ್ಬಂಧವಿಲ್ಲ. ಆಟೋಡೆಸ್ಕ್ ಕಂಪನಿಯ ಫ್ಯೂಷನ್ ಇದಕ್ಕಿಂತ ನಯವಾದ ಸಾಫ್ಟ್‌ವೇರ್ ಎಂಬುದು ನಿಜ. ಆದರೆ ಅದರ ಉಚಿತ ಪರವಾನಗಿ ವೈಯಕ್ತಿಕ ಬಳಕೆಗೆ ಮಾತ್ರ ಸಲ್ಲುತ್ತದೆ, ಮತ್ತು ಒಂದು ಸಲಕ್ಕೆ ತಿದ್ದಲು ತೆರೆದಿಟ್ಟುಕೊಳ್ಳಬಹುದಾದ ಕಡತಗಳ ಸಂಖ್ಯೆಯನ್ನು 10ಕ್ಕೆ ಮಿತಿಗೊಳಿಸುತ್ತದೆ. ಬ್ರೌಸರಿನಲ್ಲೇ ನಡೆಯುವ ಆನ್‌ಶೇಪ್‌ನ ಉಚಿತ ಖಾತೆಯೂ ವಾಣಿಜ್ಯ ಬಳಕೆಗೆ ಇಲ್ಲ, ಅಲ್ಲಿ ನೀವು ಬರೆದದ್ದನ್ನು ಬೇರೆಯವರೂ ನೋಡಬಹುದು. ನೀವು ಮಾರಾಟಕ್ಕೆಂದೇ ಪೆಟ್ಟಿಗೆ ಮಾಡುವವರು, ಆದ್ದರಿಂದ ಇವೆರಡೂ ನಿಮಗೆ ಹೊಂದುವುದಿಲ್ಲ. ಇನ್ನೊಂದು ಕಾರಣ ನಮ್ಮ ಜಿಲ್ಲೆಯದು: ಮಳೆಗಾಲದಲ್ಲಿ ತೋಟದ ನಡುವಿನ ಮನೆಗಳಲ್ಲಿ ಇಂಟರ್‌ನೆಟ್ ದಿನಗಟ್ಟಲೆ ಕೈಕೊಡುತ್ತದೆ, ಫ್ರೀಕ್ಯಾಡ್‌ಗಾದರೆ ಒಮ್ಮೆ ಹಾಕಿಕೊಂಡ ಮೇಲೆ ಇಂಟರ್‌ನೆಟ್ ಬೇಕಿಲ್ಲ. ಹಾಕಿಕೊಳ್ಳುವಾಗ 2024ರ ನವೆಂಬರಿನಲ್ಲಿ ಬಿಡುಗಡೆಯಾದ 1.0 ಆವೃತ್ತಿಯನ್ನು ಅಥವಾ ಅದರ ನಂತರದ್ದನ್ನೇ ಆರಿಸಿಕೊಳ್ಳಿ. ಹಿಂದಿನ ಆವೃತ್ತಿಗಳಲ್ಲಿ ಮೊದಲು ಬರೆದ ರೇಖೆಯೊಂದನ್ನು ಆಮೇಲೆ ತಿದ್ದಿದರೆ ಅದರ ಮೇಲೆ ಕಟ್ಟಿದ ಭಾಗಗಳು ಅಸ್ತವ್ಯಸ್ತವಾಗುತ್ತಿದ್ದವು, ಹೊಸಬರು ಅಲ್ಲಿಯೇ ಬೇಸತ್ತು ಕಲಿಕೆ ಬಿಡುತ್ತಿದ್ದರು.

ಫ್ರೀಕ್ಯಾಡ್‌ನ ನಿಜವಾದ ಬಲವಿರುವುದು ಅಳತೆಗಳನ್ನು ಹೆಸರಿಟ್ಟು ಕೊಡುವ ಸೌಲಭ್ಯದಲ್ಲಿ. ಅದರೊಳಗೇ ಲೆಕ್ಕದ ಹಾಳೆಯೊಂದಿದ್ದು (ಸ್ಪ್ರೆಡ್‌ಶೀಟ್), ಪೆಟ್ಟಿಗೆಯ ಉದ್ದ, ಅಗಲ, ಎತ್ತರ ಮತ್ತು ಹಲಗೆಯ ದಪ್ಪವನ್ನು ಅಲ್ಲಿ ಒಂದೊಂದು ಮನೆಯಲ್ಲಿ (ಸೆಲ್) ಬರೆದಿಟ್ಟು, ನಕ್ಷೆಯ ಪ್ರತಿಯೊಂದು ರೇಖೆಯೂ ಆ ಸಂಖ್ಯೆಗಳನ್ನು ನೋಡಿಕೊಂಡು ತನ್ನ ಅಳತೆ ಪಡೆಯುವಂತೆ ಮಾಡಬಹುದು. 3 ಮಿಲಿಮೀಟರ್ ಎಂದು ಮಾರುವ ಪ್ಲೈವುಡ್ ಹಾಳೆ ನಿಜವಾಗಿ 2.7 ಇರಬಹುದು, 3.2 ಇರಬಹುದು. ಕತ್ತರಿಸುವ ದಿನ ವರ್ನಿಯರ್ ಕ್ಯಾಲಿಪರ್‌ನಿಂದ ಅಳೆದು, ಲೆಕ್ಕದ ಹಾಳೆಯ ಆ ಒಂದು ಮನೆಯಲ್ಲಿ ಸಂಖ್ಯೆ ಬದಲಾಯಿಸಿದರೆ ಪೆಟ್ಟಿಗೆಯ ಆರೂ ಬದಿಗಳಲ್ಲಿ ಒಂದಕ್ಕೊಂದು ಸಿಕ್ಕಿಕೊಳ್ಳುವ ಹಲ್ಲುಗಳು ತಾವಾಗಿ ಸರಿಹೊಂದುತ್ತವೆ. ಕೇವಲ ಗೆರೆ ಎಳೆಯುವ ಸಾಫ್ಟ್‌ವೇರಿನಲ್ಲಾದರೆ ಪ್ರತಿ ಹಲ್ಲನ್ನೂ ಕೈಯಿಂದ ತಿದ್ದಬೇಕಾಗುತ್ತದೆ.

ಕಲಿಯುವಾಗ ಮೊದಲ ದಿನವೇ ಪೆಟ್ಟಿಗೆಗೆ ಕೈಹಾಕಬೇಡಿ. 80 ಮಿ.ಮೀ. ಉದ್ದ, 50 ಮಿ.ಮೀ. ಅಗಲದ ಒಂದು ತಗಡಿನಾಕಾರವನ್ನು, ಅದರಲ್ಲಿ 5 ಮಿ.ಮೀ. ವ್ಯಾಸದ ಎರಡು ತೂತುಗಳನ್ನು ‘ಸ್ಕೆಚರ್’ ವಿಭಾಗದಲ್ಲಿ ಬರೆಯಿರಿ. ಅಂದಾಜಿನಿಂದ ಗೆರೆ ಎಳೆದು, ಆಮೇಲೆ ಉದ್ದ, ಅಂತರ, ಸಮಾನತೆ ಮುಂತಾದ ಕಟ್ಟಳೆಗಳನ್ನು ಒಂದೊಂದಾಗಿ ಹಾಕುತ್ತ ಹೋಗಬೇಕು. ಎಲ್ಲ ಕಟ್ಟಳೆಗಳೂ ಸೇರಿ ಆಕಾರವು ಎತ್ತಲೂ ಅಲುಗದ ಸ್ಥಿತಿಗೆ ಬಂದಾಗ ಗೆರೆಗಳು ಹಸಿರು ಬಣ್ಣಕ್ಕೆ ತಿರುಗುತ್ತವೆ. ಗೆರೆಗಳು ಹಸಿರಾಗುವ ತನಕ ಮುಂದಿನ ಹೆಜ್ಜೆ ಇಡದಿರುವ ಶಿಸ್ತನ್ನು ಮೊದಲ ವಾರದಲ್ಲೇ ರೂಢಿಸಿಕೊಂಡರೆ ಮುಂದೆ ಬಹಳ ಶ್ರಮ ಉಳಿಯುತ್ತದೆ. ಎರಡನೆಯದಾಗಿ, ಅರ್ಧದವರೆಗೆ ಸೀಳಿದ ಎರಡು ಪಟ್ಟಿಗಳು ಒಂದಕ್ಕೊಂದು ಅಡ್ಡಲಾಗಿ ಸಿಕ್ಕಿಕೊಳ್ಳುವಂತೆ ಬರೆದು, ಅದನ್ನು ನಿಜವಾಗಿಯೂ ಕತ್ತರಿಸಿ ತಂದು ಕೂಡಿಸಿ ನೋಡಿ. ಪೆಟ್ಟಿಗೆ ಅದರ ನಂತರದ ಮಾತು.

ಅಲ್ಲಿಯವರೆಗೆ ಗ್ರಾಹಕರನ್ನು ಕಾಯಿಸಲಾಗದಿದ್ದರೆ ‘ಬಾಕ್ಸಸ್ ಡಾಟ್ ಪೈ’ ಎಂಬ ಉಚಿತ ಜಾಲತಾಣದಲ್ಲಿ ಅಳತೆಗಳನ್ನು ತುಂಬಿದರೆ ಹಲ್ಲುಜೋಡಣೆಯ ಪೆಟ್ಟಿಗೆಯ ಸಿದ್ಧ ನಕ್ಷೆ ದೊರೆಯುತ್ತದೆ. ಮೊದಲ ಬೇಡಿಕೆಯನ್ನು ಅದರಿಂದ ಪೂರೈಸಿ, ಜೊತೆಗೆ ಆ ನಕ್ಷೆಯಲ್ಲಿ ಹಲ್ಲುಗಳನ್ನು ಹೇಗೆ ಹಂಚಿದ್ದಾರೆಂದು ಗಮನವಿಟ್ಟು ನೋಡಿ, ಅದೇ ಒಂದು ಒಳ್ಳೆಯ ಪಾಠವಾಗುತ್ತದೆ.

ಈಗ ಹೊಸಬರ ಪೆಟ್ಟಿಗೆಗಳು ಸಡಿಲಾಗುವ ಮುಖ್ಯ ಕಾರಣಕ್ಕೆ ಬರೋಣ. ಗರಗಸ ಹಾಕಿದಾಗ ಅದರ ಹಲ್ಲಿನ ಅಗಲದಷ್ಟು ಮರ ಹೊಟ್ಟಾಗಿ ಹೋಗುವಂತೆ, ಲೇಸರ್ ಕಿರಣವೂ ಒಂದಿಷ್ಟು ವಸ್ತುವನ್ನು ಸುಟ್ಟು ಕಳೆಯುತ್ತದೆ. ಇದಕ್ಕೆ ಕರ್ಫ್ ಎನ್ನುತ್ತಾರೆ. ಕಾರ್ಬನ್ ಡೈಆಕ್ಸೈಡ್ ಲೇಸರಿನಲ್ಲಿ ಇದು ಸಾಮಾನ್ಯವಾಗಿ 0.1ರಿಂದ 0.3 ಮಿ.ಮೀ. ಇರುತ್ತದೆ. ಕರ್ಫ್ 0.2 ಎಂದಿಟ್ಟುಕೊಳ್ಳಿ. ಕಿರಣ ನಿಮ್ಮ ಗೆರೆಯ ನಡುವಿನಲ್ಲಿ ಸಾಗುವುದರಿಂದ, 10 ಮಿ.ಮೀ. ಎಂದು ಬರೆದ ಹಲ್ಲು ಎರಡೂ ಬದಿಗಳಲ್ಲಿ 0.1ರಂತೆ ಕಳೆದುಕೊಂಡು 9.8 ಆಗುತ್ತದೆ, ಹಲ್ಲು ಕೂರಬೇಕಾದ, 10 ಎಂದು ಬರೆದ ಕಂಡಿ 10.2 ಆಗುತ್ತದೆ. ಹೀಗೆ ಜೋಡಣೆಯಲ್ಲಿ 0.4 ಮಿ.ಮೀ. ಸಡಿಲು ಉಳಿಯುತ್ತದೆ. ಹಲ್ಲನ್ನು 10.2 ಎಂದೂ ಕಂಡಿಯನ್ನು 9.8 ಎಂದೂ ಬರೆದರೆ ಎರಡೂ ಕತ್ತರಿಸಿದ ಮೇಲೆ 10ಕ್ಕೆ ಬಂದು ನಿಲ್ಲುತ್ತವೆ. ಕೆಲವು ಅಂಗಡಿಯವರು ಈ ತಿದ್ದುಪಡಿಯನ್ನು ಯಂತ್ರದ ಸಾಫ್ಟ್‌ವೇರಿನಲ್ಲಿ ತಾವೇ ಮಾಡುತ್ತಾರೆ. ಇಬ್ಬರೂ ಮಾಡಿದರೆ ತುಂಡುಗಳು ಒಂದರೊಳಗೊಂದು ಇಳಿಯುವುದೇ ಇಲ್ಲ, ಆದ್ದರಿಂದ ಮೊದಲೇ ಕೇಳಿಕೊಳ್ಳಿ.

ಕರ್ಫ್ ಎಷ್ಟೆಂದು ತಿಳಿಯಲು ಒಂದು ಸರಳ ಪರೀಕ್ಷೆಯಿದೆ. 100 ಮಿ.ಮೀ. ಉದ್ದದ ಪಟ್ಟಿಯೊಂದನ್ನು ಬರೆದು, ಒಳಗೆ ಒಂಬತ್ತು ಅಡ್ಡಗೆರೆಗಳಿಂದ ಹತ್ತು ಸಮಭಾಗ ಮಾಡಿ ಕತ್ತರಿಸಿ. ಹತ್ತು ತುಂಡುಗಳನ್ನೂ ಒತ್ತಾಗಿ ಸೇರಿಸಿ ಅಳೆದಾಗ 98 ಮಿ.ಮೀ. ಬಂದರೆ, ಕಳೆದುಹೋದ 2 ಮಿ.ಮೀ.ಯನ್ನು ಹತ್ತರಿಂದ ಭಾಗಿಸಿ, ಕರ್ಫ್ 0.2 ಎಂದಾಯಿತು. ಪಕ್ಕದ ತುಂಡುಗಳ ನಡುವಿನ ಗೆರೆಯನ್ನು ಒಂದೇ ಸಲ ಬರೆದಿರಬೇಕು. ಒಂದರ ಮೇಲೊಂದು ಎರಡು ಗೆರೆಗಳಿದ್ದರೆ ಕಿರಣ ಎರಡು ಸಲ ಓಡಿ ಅಂಚನ್ನು ಹೆಚ್ಚು ಸುಡುತ್ತದೆ, ಲೆಕ್ಕವೂ ತಪ್ಪುತ್ತದೆ. ಯಂತ್ರ ಬದಲಾದರೆ, ಹಲಗೆ ಬದಲಾದರೆ ಈ ಪರೀಕ್ಷೆಯನ್ನು ಮತ್ತೆ ಮಾಡಬೇಕು.

ಕೊನೆಯದಾಗಿ, ಅಂಗಡಿಗೆ ಕೊಡುವ ಕಡತವನ್ನು ಡಿಎಕ್ಸ್‌ಎಫ್ ಎಂಬ ರೇಖಾನಕ್ಷೆಯ ರೂಪದಲ್ಲಿ ಉಳಿಸಿ, ಅದರ ಮೂಲೆಯಲ್ಲಿ 100 ಮಿ.ಮೀ. ಚೌಕವೊಂದನ್ನು ಇಟ್ಟಿರಿ. ಅಂಗಡಿಯ ಪರದೆಯ ಮೇಲೆ ಅದು 100 ಎಂದೇ ತೋರಿದರೆ ಮಾತ್ರ ಕತ್ತರಿಸಲು ಹೇಳಿ.

ಪ್ರಶ್ನೆ: ಮನೆಗಳಿಗೆ ಒಕ್ಕದ (ಮನೆತನದ) ಹೆಸರಿನ ಫಲಕಗಳನ್ನು ಮಾಡಿಕೊಡುತ್ತೇನೆ. ಕನ್ನಡ ಅಕ್ಷರಗಳನ್ನು ಲೇಸರಿನಿಂದ ಕತ್ತರಿಸಿದಾಗ ನಡುವಿನ ಭಾಗಗಳು ಉದುರಿಹೋಗುತ್ತವೆ, ಒತ್ತಕ್ಷರಗಳು ಬೇರೆಯಾಗಿ ಬೀಳುತ್ತವೆ. ಒಮ್ಮೆ ಅಂಗಡಿಯಲ್ಲಿ ಕಡತ ತೆರೆದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ರಾಶಿ ಕಾಣಿಸಿತು. ಇದಕ್ಕೂ ಫ್ರೀಕ್ಯಾಡ್ ಬೇಕೆ?
— ವಿರಾಜಪೇಟೆಯ ಓದುಗರು

ಉತ್ತರ: ಬೇಡ. ಫಲಕ ಚಪ್ಪಟೆಯಾದ ವಸ್ತು, ಅದರಲ್ಲಿ ಅಕ್ಷರದ ಅಂದವೇ ಮುಖ್ಯ. ಆದ್ದರಿಂದ 2003ರಿಂದ ಬೆಳೆದು ಬಂದಿರುವ ಇಂಕ್‌ಸ್ಕೇಪ್ ಎಂಬ ಉಚಿತ ಚಿತ್ರ ಸಾಫ್ಟ್‌ವೇರ್ ನಿಮಗೆ ಸಾಕು. ಹಳೆಯ ಕಂಪ್ಯೂಟರಿನಲ್ಲೂ ಅದು ನಡೆಯುತ್ತದೆ, ಯುನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಸಮಾನವಾದ ಅಕ್ಷರ ಸಂಕೇತ) ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಕೂಡಿಸುತ್ತದೆ.

ಇಂಗ್ಲಿಷ್ ಅಕ್ಷರಗಳ ರಾಶಿ ಕಾಣಿಸಿದ್ದು ನೀವು ಯುನಿಕೋಡ್ ಅಲ್ಲದ ಹಳೆಯ ಬಗೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರಿಂದ. ನುಡಿ, ಬರಹಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿಕೊಂಡಿರುತ್ತವೆ. ಅಂಗಡಿಯ ಕಂಪ್ಯೂಟರಿನಲ್ಲಿ ಅದೇ ಫಾಂಟ್ ಇಲ್ಲದಿದ್ದರೆ ಒಳಗಿನ ಇಂಗ್ಲಿಷ್ ಹೊರಬೀಳುತ್ತದೆ. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ ಮುಂತಾದ ಯುನಿಕೋಡ್ ಫಾಂಟುಗಳನ್ನು ಬಳಸಿ. ಇವೆರಡೂ ಮುಕ್ತ ಪರವಾನಗಿಯವು, ಮಾರಾಟದ ಫಲಕಕ್ಕೂ ಬಳಸಬಹುದು. ಬಾಲೂ ತಮ್ಮದ ಗೆರೆಗಳು ದಪ್ಪವಾಗಿ, ದುಂಡಗಾಗಿ ಇರುವುದರಿಂದ ಕತ್ತರಿಸಿದ ಅಕ್ಷರಗಳು ಬೇಗ ಮುರಿಯುವುದಿಲ್ಲ. ಟೈಪ್ ಮಾಡಿ ಮುಗಿದ ಮೇಲೆ ‘ಪಾತ್’ ಪಟ್ಟಿಯಲ್ಲಿರುವ ‘ಆಬ್ಜೆಕ್ಟ್ ಟು ಪಾತ್’ ಆಜ್ಞೆಯಿಂದ ಅಕ್ಷರಗಳನ್ನು ಗೆರೆಗಳಾಗಿ ಬದಲಿಸಿ. ಆಮೇಲೆ ಅಂಗಡಿಯಲ್ಲಿ ಯಾವ ಫಾಂಟ್ ಇದೆ, ಯಾವುದಿಲ್ಲ ಎಂಬ ಚಿಂತೆಯೇ ಉಳಿಯುವುದಿಲ್ಲ. ಆದರೆ ಬದಲಿಸಿದ ಮೇಲೆ ಕಾಗುಣಿತ ತಿದ್ದಲಾಗದು, ಆದ್ದರಿಂದ ಅಕ್ಷರ ರೂಪದ ಪ್ರತಿಯೊಂದನ್ನು ಬೇರೆಯಾಗಿ ಉಳಿಸಿಕೊಳ್ಳಿ.

ಹೀಗೆ ಬದಲಿಸಿದಾಗ ಕನ್ನಡದಲ್ಲಿ ಇನ್ನೊಂದು ತೊಡಕು ಎದುರಾಗುತ್ತದೆ. ವ್ಯಂಜನಕ್ಕೆ ಸ್ವರಚಿಹ್ನೆ ಅಂಟಿಕೊಳ್ಳುವ ಜಾಗದಲ್ಲಿ ಕೆಲವು ಫಾಂಟುಗಳ ಆಕಾರಗಳು ಒಂದರ ಮೇಲೊಂದು ಹತ್ತಿರುತ್ತವೆ. ಪರದೆಯ ಮೇಲೆ ಕಪ್ಪು ಬಣ್ಣ ಎಲ್ಲವನ್ನೂ ಮುಚ್ಚುವುದರಿಂದ ಇದು ತಿಳಿಯುವುದಿಲ್ಲ, ಲೇಸರ್ ಮಾತ್ರ ಒಳಗಿನ ಆ ಗೆರೆಗಳನ್ನೂ ಬಿಡದೆ ಕತ್ತರಿಸಿ ಅಕ್ಷರವನ್ನು ತುಂಡು ಮಾಡುತ್ತದೆ. ‘ವ್ಯೂ’ ಪಟ್ಟಿಯಲ್ಲಿ ಔಟ್‌ಲೈನ್ ನೋಟವನ್ನು ಆರಿಸಿಕೊಂಡರೆ ಬಣ್ಣ ಹೋಗಿ ಬರಿಯ ಗೆರೆಗಳು ಕಾಣುತ್ತವೆ. ಗುಂಪನ್ನು ಬಿಡಿಸಿ, ಎಲ್ಲವನ್ನೂ ಆಯ್ದು ‘ಯೂನಿಯನ್’ ಆಜ್ಞೆ ಕೊಟ್ಟರೆ ಒಳಗೆರೆಗಳು ಮಾಯವಾಗಿ ಹೊರಗಿನ ಅಂಚು ಮಾತ್ರ ಉಳಿಯುತ್ತದೆ.

ಇನ್ನು ಉದುರುವ ಭಾಗಗಳ ವಿಷಯ. ‘ಕಾವೇರಿ ಸಂಕ್ರಮಣ’ ಎಂಬ ಎರಡು ಪದಗಳನ್ನೇ ತೆಗೆದುಕೊಳ್ಳಿ. ಹಲಗೆಯಲ್ಲಿ ಅಕ್ಷರಗಳನ್ನು ತೂತಾಗಿ ಕತ್ತರಿಸುವುದಾದರೆ, ಸೊನ್ನೆಯ ಉಂಗುರದ ನಡುವಿನ ಬಿಲ್ಲೆ ಹಿಡಿತವಿಲ್ಲದೆ ಕೆಳಗೆ ಬೀಳುತ್ತದೆ, ‘ರ’ದ ಹೊಟ್ಟೆಯ ಕತೆಯೂ ಅದೇ. ಅಂಥ ಪ್ರತಿ ಭಾಗಕ್ಕೂ 1.5ರಿಂದ 2 ಮಿ.ಮೀ. ಅಗಲದ ಸೇತುವೆಗಳನ್ನು ಬಿಡಬೇಕು. ಎರಡು ಸೇತುವೆಗಳಿದ್ದರೆ ಒಳ್ಳೆಯದು, ಅವು ಎದುರುಬದುರಾಗಿದ್ದರೆ ನೋಡಲೂ ಚೆನ್ನಾಗಿರುತ್ತದೆ. ಅದಕ್ಕೆ ಬದಲಾಗಿ ಅಕ್ಷರಗಳನ್ನೇ ಬಿಡಿಯಾಗಿ ಕತ್ತರಿಸಿ ತೆಗೆಯುವುದಾದರೆ ತೊಡಕು ತಿರುಗುಮುರುಗಾಗುತ್ತದೆ: ಒಳಗಿನ ಬಿಲ್ಲೆ ಬಿದ್ದರೆ ನಷ್ಟವಿಲ್ಲ, ಆದರೆ ಸೊನ್ನೆಯ ಉಂಗುರವೇ ಪಕ್ಕದ ಅಕ್ಷರದಿಂದ ಬೇರೆಯಾಗುತ್ತದೆ, ಅನೇಕ ಫಾಂಟುಗಳಲ್ಲಿ ಒತ್ತಕ್ಷರವೂ ಮೇಲಿನ ಅಕ್ಷರವನ್ನು ಮುಟ್ಟಿರುವುದಿಲ್ಲ. ಒತ್ತನ್ನು ತುಸು ಮೇಲಕ್ಕೆ ಸರಿಸಿ ತಾಗಿಸಿ ಯೂನಿಯನ್ ಮಾಡುವುದು ಒಂದು ದಾರಿ. ಪದದ ಅಡಿಯಲ್ಲಿ ಉದ್ದಕ್ಕೂ ತೆಳುವಾದ ಪಟ್ಟಿಯೊಂದನ್ನು ಓಡಿಸಿ ಎಲ್ಲವನ್ನೂ ಅದಕ್ಕೆ ಸೇರಿಸುವುದು ಇನ್ನೊಂದು. ನನಗೆ ಮೊದಲನೆಯದೇ ಹೆಚ್ಚು ಒಪ್ಪಿಗೆ, ಏಕೆಂದರೆ ಕನ್ನಡದ ಅಕ್ಷರಕ್ಕೆ ಅಡಿಗೆರೆ ಎಂದೂ ಇರಲಿಲ್ಲ. ಪಟ್ಟಿ ಬಂದೊಡನೆ ಅಕ್ಷರದ ಗುಣ ಕೆಡುತ್ತದೆ.

ಗೆರೆಯ ದಪ್ಪವನ್ನೂ ಗಮನಿಸಿ. ಇಂಕ್‌ಸ್ಕೇಪ್ ಸಾಮಾನ್ಯವಾಗಿ ಗೆರೆಯ ದಪ್ಪವನ್ನೂ ಸೇರಿಸಿಯೇ ಅಳತೆ ತೋರಿಸುವುದರಿಂದ, 1 ಮಿ.ಮೀ. ಗೆರೆಯಿಂದ ಬರೆದ 100 ಮಿ.ಮೀ. ಚೌಕ 101 ಎಂದು ಕಾಣುತ್ತದೆ. ಪ್ರಿಫರೆನ್ಸಸ್‌ನಲ್ಲಿ ‘ಜಿಯೊಮೆಟ್ರಿಕ್ ಬೌಂಡಿಂಗ್ ಬಾಕ್ಸ್’ ಆರಿಸಿಕೊಂಡರೆ ಈ ಗೊಂದಲ ತಪ್ಪುತ್ತದೆ. ಕತ್ತರಿಸುವ ಗೆರೆಗೆ ಒಂದು ಬಣ್ಣ, ಮೇಲ್ಮೈ ಕೆತ್ತನೆಗೆ ಇನ್ನೊಂದು ಬಣ್ಣ ಕೊಡುವುದು ರೂಢಿ. ಯಾವುದಕ್ಕೆ ಯಾವುದೆಂದು ಅಂಗಡಿಯವರೇ ಹೇಳುತ್ತಾರೆ. ಕಡತವನ್ನು ಬೇರೆ ಸಾಫ್ಟ್‌ವೇರಿನಲ್ಲಿ ತೆರೆದಾಗ 100 ಮಿ.ಮೀ. ಚೌಕ 106.7 ಆಗಿದ್ದರೆ ಅಥವಾ 133.3 ಆಗಿದ್ದರೆ, ಇಂಚಿಗೆ 96 ಬಿಂದುಗಳೆಂದು ಬರೆದ ಕಡತವನ್ನು ಅದು 90 ಅಥವಾ 72 ಬಿಂದುಗಳೆಂದು ಓದಿಕೊಂಡಿದೆ ಎಂದರ್ಥ.

ಪ್ರಶ್ನೆ: ನಾನು ಶಾಲಾ ಶಿಕ್ಷಕಿ. ಮಕ್ಕಳು ತಾವೇ ಜೋಡಿಸಬಹುದಾದ ಐನ್‌ಮನೆಯ (ಒಕ್ಕದ ಮೂಲಮನೆಯ) ಮಾದರಿಯೊಂದನ್ನು ಲೇಸರಿನಿಂದ ಕತ್ತರಿಸಿ ತರಿಸಬೇಕೆಂದಿದ್ದೇನೆ. ಇದಕ್ಕೆ ತ್ರೀಡಿ ಸಾಫ್ಟ್‌ವೇರ್ ಕಲಿಯಲೇಬೇಕೆ?
— ಸೋಮವಾರಪೇಟೆಯ ಓದುಗರು

ಉತ್ತರ: ಈ ಕೆಲಸಕ್ಕೆ ಕಲಿಯುವುದು ಒಳ್ಳೆಯದು, ಮುಖ್ಯವಾಗಿ ಮಾಡಿನ (ಇಳಿಜಾರು ಚಾವಣಿಯ) ಕಾರಣಕ್ಕೆ. 12 ಮೀಟರ್ ಅಗಲದ ಮನೆಯನ್ನು ನೂರರಲ್ಲೊಂದು ಪಾಲಿಗೆ ಇಳಿಸಿದರೆ ಅಗಲ 120 ಮಿ.ಮೀ. ಆಗುತ್ತದೆ, ಅಂದರೆ ಮಾಡಿನ ಒಂದು ಬದಿ ಮೇಲಿನಿಂದ ನೋಡಿದಾಗ 60 ಮಿ.ಮೀ. ಕಾಣುತ್ತದೆ. ಮಾಡು 45 ಮಿ.ಮೀ. ಏರಿದ್ದರೆ, ನೀವು ಕತ್ತರಿಸಬೇಕಾದ ಹಲಗೆಯ ಅಗಲ 60 ಅಲ್ಲ, 75 ಮಿ.ಮೀ. ಕಾಗದದ ಮೇಲಿನ ಯೋಜನೆಯನ್ನೇ ನಕಲು ಮಾಡಿದವರ ಮಾಡುಗಳು ನಡುವೆ ಕೂಡದಿರುವುದಕ್ಕೆ ಇದೇ ಕಾರಣ. ಒಂದೇ ಇಳಿಜಾರಾದರೆ ಕೈಲೆಕ್ಕ ಸಾಕು. ಆದರೆ ನಡುವೆ ಅಂಗಳವಿದ್ದು ನಾಲ್ಕೂ ಕಡೆಯ ಮಾಡುಗಳು ಮೂಲೆಯಲ್ಲಿ ಸೇರುವ ಐನ್‌ಮನೆಯಲ್ಲಿ ಪ್ರತಿ ಹಲಗೆಯ ಓರೆಯೂ ಬೇರೆಯಾಗುತ್ತದೆ. ತ್ರೀಡಿಯಲ್ಲಿ ಮನೆಯನ್ನು ಕಟ್ಟಿಟ್ಟರೆ, ಪ್ರತಿ ಮುಖವನ್ನೂ ನಿಜವಾದ ಅಳತೆಯಲ್ಲಿ ಬಿಡಿಸಿ ತೆಗೆದುಕೊಳ್ಳಬಹುದು.

ನಿಮ್ಮದು ಮಾರಾಟದ ಕೆಲಸವಲ್ಲವಾದ್ದರಿಂದ ಆನ್‌ಶೇಪ್ ಹೊಂದುತ್ತದೆ. ಶಿಕ್ಷಕರಿಗೂ ವಿದ್ಯಾರ್ಥಿಗಳಿಗೂ ಅದರ ಶಿಕ್ಷಣ ಖಾತೆ ಉಚಿತ. ಅದರಲ್ಲಿ ಯಾವುದೇ ಮುಖದ ಮೇಲೆ ಮೌಸಿನ ಬಲಗುಂಡಿ ಒತ್ತಿ ನೇರವಾಗಿ ಡಿಎಕ್ಸ್‌ಎಫ್ ಕಡತವಾಗಿ ಉಳಿಸಬಹುದು. ಮಕ್ಕಳ ಕೈಗೇ ಕೊಡುವುದಾದರೆ ಆರಂಭಿಕರ ತ್ರೀಡಿ ಸಾಫ್ಟ್‌ವೇರ್ ಆದ ಟಿಂಕರ್‌ಕ್ಯಾಡ್ ಇನ್ನೂ ಸುಲಭ.

ಲೇಸರ್ ಕಿರಣ ಯಾವಾಗಲೂ ನೇರ ಕೆಳಕ್ಕೆ ಕತ್ತರಿಸುತ್ತದೆ, ಅಂಚನ್ನು ಓರೆಯಾಗಿ ಸೀಳುವುದಿಲ್ಲ. ಹಾಗಾಗಿ ಮಾಡಿನ ತುದಿಯಲ್ಲಿ ಎರಡು ಹಲಗೆಗಳ ನಡುವೆ ಸಣ್ಣ ಬಿರುಕು ಉಳಿದೇ ಉಳಿಯುತ್ತದೆ. ಮೇಲೊಂದು ತೆಳು ಪಟ್ಟಿ ಅಂಟಿಸಿ ಅದನ್ನು ಮುಚ್ಚಿ. ಕೈಯಾಲೆಯ (ಜಗಲಿಯ) ಕೆತ್ತನೆಯ ಕಂಬಗಳನ್ನು ದುಂಡಗೆ ತೆಗೆಯಲಾಗದು, ಚಪ್ಪಟೆ ತುಂಡುಗಳನ್ನು ಪದರ ಪದರವಾಗಿ ಅಂಟಿಸಿಯೋ ಮೇಲ್ಮೈಯಲ್ಲಿ ಗೆರೆ ಕೆತ್ತಿಯೋ ತೋರಿಸಬೇಕು. ಹಂಚಿನ ಸಾಲುಗಳಿಗೂ ಕೆತ್ತನೆಯೇ ಸಾಕು. ಮೊದಲು ಕತ್ತರಿಸುವಾಗ ರಟ್ಟಿನಲ್ಲಿ ಕತ್ತರಿಸಿ ನೋಡಿ. ಖರ್ಚು ಕಡಿಮೆ, ತಿದ್ದುವುದು ಸುಲಭ.

ಪ್ರಶ್ನೆ: ಒಳ್ಳೆಯ ಗುಣಮಟ್ಟದ, ನೀರಿಗೆ ಜಗ್ಗದ ಪ್ಲೈವುಡ್ ಕೊಂಡು ಒಯ್ದರೂ ಲೇಸರ್ ಅದನ್ನು ಪೂರ್ತಿ ಕತ್ತರಿಸಲಿಲ್ಲ, ಅಂಚೆಲ್ಲ ಕರಕಲಾಯಿತು. ಬೇಸಿಗೆಯಲ್ಲಿ ಸರಿಯಾಗಿ ಕೂಡಿದ ನಕ್ಷೆ ಆಷಾಢದಲ್ಲಿ ಕೂಡುವುದಿಲ್ಲ. ನಕ್ಷೆಯಲ್ಲಿ ದೋಷವಿದೆಯೇ?
— ಮಡಿಕೇರಿಯ ಓದುಗರು

ಉತ್ತರ: ನಕ್ಷೆಗಿಂತ ಹಲಗೆಯನ್ನು ನೋಡಬೇಕು. ಮಳೆನಾಡಿನ ನಾವು ಪ್ಲೈವುಡ್ ಕೊಳ್ಳುವಾಗ ಐಎಸ್ 710 ಗುರುತಿನ, ಬಿಡಬ್ಲ್ಯುಪಿ (ಕುದಿಯುವ ನೀರಿಗೂ ಜಗ್ಗದ) ದರ್ಜೆಯದನ್ನೇ ಕೇಳಿ ಪಡೆಯುತ್ತೇವೆ, ಬಾಗಿಲಿಗೂ ಅಡುಗೆಮನೆಯ ಕಪಾಟಿಗೂ ಅದು ಸರಿಯಾದ ಆಯ್ಕೆಯೇ. ಆದರೆ ಅದರ ಪದರಗಳನ್ನು ಹಿಡಿದಿರುವ ಫಿನಾಲ್ ಅಂಟು ನೀರನ್ನು ತಡೆಯುವಂತೆಯೇ ಲೇಸರಿನ ಶಾಖವನ್ನೂ ತಡೆಯುತ್ತದೆ, ಕತ್ತರಿಸುವ ಬದಲು ಕರಕಲಾಗುತ್ತದೆ. ಮನೆಯೊಳಗೆ ಇಡುವ ಪೆಟ್ಟಿಗೆ, ಫಲಕಗಳಿಗೆ ಐಎಸ್ 303 ಗುರುತಿನ ಎಂಆರ್ (ತೇವ ತಡೆಯುವ) ದರ್ಜೆಯ ತೆಳು ಪ್ಲೈವುಡ್ ಸಾಕು. ಅದರ ಯೂರಿಯಾ ಅಂಟು ಕಿರಣಕ್ಕೆ ಸುಲಭವಾಗಿ ಬಿಡುತ್ತದೆ. ಹೊರಗೆ ಮಳೆಗೆ ಒಡ್ಡುವ ಫಲಕವಾದರೆ ಅಕ್ರಿಲಿಕ್ ಆರಿಸಿಕೊಳ್ಳಿ.

ಆಷಾಢದ ತೊಂದರೆಗೆ ಕಾರಣ ಗಾಳಿಯ ತೇವ. ಪ್ಲೈವುಡ್ ತೇವ ಹೀರಿ ಬಾಗುತ್ತದೆ, ಎಂಡಿಎಫ್ ಉಬ್ಬುತ್ತದೆ, ಅದರಲ್ಲೂ ಅಂಚುಗಳಲ್ಲಿ ಹೆಚ್ಚು. ಬಾಗಿದ ಹಾಳೆಯ ಒಂದು ಭಾಗ ಕಿರಣದ ಕೇಂದ್ರಬಿಂದುವಿನಿಂದ ದೂರ ಸರಿಯುವುದರಿಂದ ಅಲ್ಲಿ ಕತ್ತರಿಕೆ ಅಗಲವಾಗಿ, ಅಪೂರ್ಣವಾಗಿ ಆಗುತ್ತದೆ. ಹಾಳೆಗಳನ್ನು ಗೋಡೆಗೆ ಒರಗಿಸಿಡದೆ ಮಟ್ಟವಾದ ನೆಲೆಯ ಮೇಲೆ ಮಲಗಿಸಿ, ಮೇಲೆ ಭಾರವಿಟ್ಟು, ಪ್ಲಾಸ್ಟಿಕ್ ಹಾಳೆಯಿಂದ ಸುತ್ತಿಡಿ. ದಪ್ಪವನ್ನು ಕತ್ತರಿಸುವ ದಿನವೇ, ಹಾಳೆಯ ನಾಲ್ಕು ಮೂಲೆಗಳಲ್ಲಿ ಅಳೆದು, ನಕ್ಷೆಯಲ್ಲಿ ಆ ಸಂಖ್ಯೆಯನ್ನು ಬದಲಾಯಿಸಿ. ಕತ್ತರಿಸಿದ ತುಂಡುಗಳಿಗೆ ಬೇಗನೆ ಎರಡೂ ಮುಖಗಳಿಗೂ ಅಂಚುಗಳಿಗೂ ವಾರ್ನಿಷ್ ಹಚ್ಚಿದರೆ ತೇವ ಒಳಹೋಗುವುದು ಕಡಿಮೆಯಾಗುತ್ತದೆ.

ಪ್ರಶ್ನೆ: ಮನೆಗೇ ಚಿಕ್ಕ ಲೇಸರ್ ಯಂತ್ರ ಕೊಳ್ಳುವ ಯೋಚನೆಯಿದೆ. ಕಡಿಮೆ ಬೆಲೆಯ, ನೀಲಿ ಬೆಳಕಿನ ಯಂತ್ರ ಪಾರದರ್ಶಕ ಅಕ್ರಿಲಿಕ್ ಕತ್ತರಿಸುವುದಿಲ್ಲ ಎನ್ನುತ್ತಾರೆ. ನಿಜವೇ? ಯಾವ ವಸ್ತುಗಳನ್ನು ಕತ್ತರಿಸಬಾರದು?
— ಪೊನ್ನಂಪೇಟೆಯ ಓದುಗರು

ಉತ್ತರ: ನಿಜ. ಆ ಡಯೋಡ್ ಲೇಸರಿನ ಬೆಳಕಿನ ತರಂಗಾಂತರ ಸುಮಾರು 450 ನ್ಯಾನೋಮೀಟರ್. ಪಾರದರ್ಶಕ ಅಕ್ರಿಲಿಕ್ ಅದನ್ನು ಹೀರಿಕೊಳ್ಳದೆ ಗಾಜಿನ ಹಾಗೆ ದಾಟಿಸಿಬಿಡುತ್ತದೆ. ಕಾರ್ಬನ್ ಡೈಆಕ್ಸೈಡ್ ಲೇಸರಿನ 10.6 ಮೈಕ್ರೋಮೀಟರ್ ಕಿರಣವನ್ನು ಅಕ್ರಿಲಿಕ್ ಚೆನ್ನಾಗಿ ಹೀರುವುದರಿಂದ ಅಂಚು ಹೊಳೆಯುವಂತೆ ಕತ್ತರಿಸುತ್ತದೆ. ಈ ಲೇಸರನ್ನು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪಿಸಿದವರು ಭಾರತದಲ್ಲಿ ಹುಟ್ಟಿ ಪುಣೆಯಲ್ಲಿ ಎಂಜಿನಿಯರಿಂಗ್ ಓದಿದ ಕುಮಾರ್ ಪಟೇಲ್ ಎಂಬುದನ್ನು ನಮ್ಮ ಯುವ ಓದುಗರು ತಿಳಿದಿರಬೇಕು.

ಯಂತ್ರಕ್ಕಿಂತ ಮೊದಲು ನಕ್ಷೆ ಬರೆಯುವುದನ್ನು ಕಲಿತು, ಕೆಲವು ತಿಂಗಳು ಅಂಗಡಿಯಲ್ಲೇ ಕತ್ತರಿಸಿ ತರಿಸಿ. ನಿಮಗೆ ಯಾವ ವಸ್ತು, ಯಾವ ಅಳತೆ ಹೆಚ್ಚು ಬೇಕೆಂದು ಆಗ ತಿಳಿಯುತ್ತದೆ, ಯಂತ್ರದ ಆಯ್ಕೆಯೂ ಸರಿಯಾಗುತ್ತದೆ. ಕೊಂಡ ಮೇಲೆ ಹೊಗೆಯನ್ನು ಕೊಳವೆಯ ಮೂಲಕ ಮನೆಯ ಹೊರಗೆ ಬಿಡುವ ಏರ್ಪಾಡು ಇರಲಿ, ಆ ಲೇಸರಿಗೆಂದೇ ಮಾಡಿದ ಕನ್ನಡಕ ಧರಿಸಿ, ಯಂತ್ರ ಓಡುತ್ತಿರುವಾಗ ಅದನ್ನು ಬಿಟ್ಟು ಅಲುಗಬೇಡಿ, ಏಕೆಂದರೆ ಮರಕ್ಕೂ ಅಕ್ರಿಲಿಕ್‌ಗೂ ಬೆಂಕಿ ಹತ್ತಿಕೊಳ್ಳುವುದು ಕ್ಷಣದ ಮಾತು.

ಪಿವಿಸಿ ಇರುವ ಯಾವುದನ್ನೂ ಲೇಸರಿಗೆ ಕೊಡಬೇಡಿ. ಶಾಲೆಯ ಮಾದರಿಗಳಿಗೆ ಬಳಸುವ ಸನ್‌ಬೋರ್ಡ್, ವಿನೈಲ್ ಸ್ಟಿಕ್ಕರ್, ರೆಕ್ಸಿನ್ ಇವುಗಳಲ್ಲಿ ಸಾಮಾನ್ಯವಾಗಿ ಪಿವಿಸಿ ಇರುತ್ತದೆ. ಸುಟ್ಟಾಗ ಅದು ಹೈಡ್ರೋಜನ್ ಕ್ಲೋರೈಡ್ ಅನಿಲವನ್ನು ಬಿಡುತ್ತದೆ. ಅದು ಉಸಿರಾಟದ ನಾಳವನ್ನು ಸುಡುತ್ತದೆ, ತೇವದ ಗಾಳಿಯೊಡನೆ ಆಮ್ಲವಾಗಿ ಯಂತ್ರದ ಕಬ್ಬಿಣದ ಭಾಗಗಳನ್ನೂ ತಿನ್ನುತ್ತದೆ. ಹಾಳೆ ಯಾವುದೆಂದು ಮಾರುವವರು ಖಚಿತವಾಗಿ ಹೇಳದಿದ್ದರೆ ಅದನ್ನು ಕತ್ತರಿಸಬೇಡಿ.